ಪಾರ್ಸೆಲ್ ಬಂದಿದೆಯೆಂದು ರೇಡಿಯೊದಲ್ಲಿ ಓದಿದ ವಿಚಾರ

ಹೆಸರು: ಮೇರಿಲಿನ್ ಗರಾಯ್. ಗಂಡನ ಹೆಸರು: ದಿವಂಗತ ಆಬೆಲ್ ಗರಾಯ್. ವಯಸ್ಸು: 54 ವರ್ಷ. ಉದ್ಯೋಗ: ಕರಾವಳಿ ಸಹಕಾರ ಸಂಘದ ರೇಡಿಯೊದಲ್ಲಿ ಸಂದೇಶ ಓದುವುದು. ವಾಸ: ಸರಕಾತ ಸೇತುವೆಯ ಪಕ್ಕ, ಲುಗನ್‌ವಿಲ್ ಪಟ್ಟಣ, ಸಾಂಟೊ ದ್ವೀಪ, ವನುವಾಟು.

ಮೇಲ್ಕಂಡ ವಿಳಾಸದಲ್ಲಿ ವಾಸವಾಗಿರುವ ನಾನು, ಈ ದಿನ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಯಾರೂ ಕರೆಸದಿದ್ದರೂ ಠಾಣೆಗೆ ಬಂದು, ನಿನ್ನೆಯಿಂದ ನಿಮ್ಮ ವಶದಲ್ಲಿರುವ ಜೇಮಿಸನ್ ಬುಲೆ ಎಂಬುವವನ ವಿಚಾರವಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಹತ್ತೊಂಬತ್ತು ವರ್ಷಗಳಿಂದ ದಿನಾ ಸಂಜೆ ಆರೂವರೆಗೆ ಸಂಘದ ರೇಡಿಯೊದಲ್ಲಿ ಸಂದೇಶ ಓದುತ್ತಿದ್ದೇನೆ. ಫೋನ್ ಸಿಗದ ಊರುಗಳಿಗೆ ಸುದ್ದಿ ಮುಟ್ಟುವುದು ಇದರಿಂದಲೇ. ಯಾರಿಗೆ ಹೆರಿಗೆಯಾಯಿತು, ಯಾರು ತೀರಿಕೊಂಡರು, ಹಡಗು ಯಾವತ್ತು ಬರುತ್ತದೆ, ಯಾರ ಹಂದಿ ಯಾರ ಗೆಣಸಿನ ತೋಟಕ್ಕೆ ನುಗ್ಗಿತು, ಎಲ್ಲವನ್ನೂ ಓದುತ್ತೇನೆ. ಮೊದಲು ಜನ ಚೀಟಿ ತಂದು ಕೊಡುತ್ತಿದ್ದರು. ಈಗ ಹೆಚ್ಚಿನವು ಇ-ಮೇಲ್‌ನಲ್ಲಿ ಬರುತ್ತವೆ. ಸಂದೇಶಗಳಿಗೆಂದೇ ಸಂಘದಲ್ಲಿ ಒಂದು ಪ್ರತ್ಯೇಕ ಮೇಲ್ ವಿಳಾಸ ಇದೆ. ಅದಕ್ಕೆ ಬಂದದ್ದು ನನ್ನ ಮೇಜಿನ ಯಂತ್ರದಲ್ಲಿ ಅಚ್ಚಾಗಿ ಬೀಳುತ್ತದೆ. ನಾನು ಕನ್ನಡಕ ಹಾಕಿಕೊಂಡು ಓದುತ್ತೇನೆ.

ಸಂಘಕ್ಕೆ ಬರುವ ಎಲ್ಲ ಮೇಲ್‌ಗಳಿಗೂ ಮೊದಲು ಒಂದು ಜರಡಿ ಇದೆ. ಅದು ಕಣ್ಣಿಗೆ ಕಾಣುವ ಜರಡಿ ಅಲ್ಲ, ಕಂಪ್ಯೂಟರಿನೊಳಗೆ ಇರುವುದು. ಮೋಸದ ಮೇಲ್‌ಗಳನ್ನು, ಕಸವನ್ನು ತಡೆದು ಬೇರೆ ರಾಶಿ ಹಾಕುತ್ತದೆ. ಈ ಜರಡಿಯನ್ನು ನೋಡಿಕೊಳ್ಳುವ ಕೆಲಸ ಜೇಮಿಸನ್‌ನದು. ಅವನು ಪೆಂಟೆಕೋಸ್ಟ್ ದ್ವೀಪದವನು, ಇಪ್ಪತ್ತಾರು ವರ್ಷ, ಸಂಘಕ್ಕೆ ಸೇರಿ ಮೂರು ವರ್ಷವಾಯಿತು.

ಎರಡು ವರ್ಷದ ಹಿಂದೆ ಮಾಲೊ ದ್ವೀಪದಿಂದ ಬಂದ ಒಂದು ಸಾವಿನ ಸಂದೇಶವನ್ನು ಜರಡಿ ಕಸವೆಂದು ತಡೆದಿತ್ತು. ಮಗಳು ಬರುವಷ್ಟರಲ್ಲಿ ಅಪ್ಪನನ್ನು ಮಣ್ಣು ಮಾಡಿ ಆರು ದಿನವಾಗಿತ್ತು. ಆಕೆ ಸಂಘದ ಬಾಗಿಲಲ್ಲಿ ಕೂತು ಅತ್ತದ್ದನ್ನು ಇಡೀ ಪೇಟೆ ಕಂಡಿದೆ. ಆಮೇಲೆ ಸಂಘದ ಅಧ್ಯಕ್ಷರಾದ ಕ್ಲೆಮೆಂಟ್ ವೀರಾ ಅವರು ಒಂದು ನಿಯಮ ಮಾಡಿದರು. ಜರಡಿ ದಾಟಿ ಬಂದ ಸಂದೇಶವನ್ನು ಯಾರನ್ನೂ ಕೇಳದೆ, ಹಿಂದುಮುಂದು ನೋಡದೆ, ಅದೇ ದಿನ ಓದಿಬಿಡಬೇಕು. ಜರಡಿ ತಡೆದಿಟ್ಟ ರಾಶಿಯನ್ನು ಪ್ರತಿ ಸೋಮವಾರ ಜೇಮಿಸನ್ ತೆಗೆದು, ನಿಜವಾದ ಸಂದೇಶಗಳನ್ನು ಆರಿಸಿ ನನಗೆ ಕೊಡಬೇಕು. ಇದನ್ನು ನಾನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ಮುಂದೆ ಆದದ್ದೆಲ್ಲ ಈ ನಿಯಮದಿಂದಲೇ ಆಯಿತು.

ಮೊನ್ನೆ ಬುಧವಾರ ಮಧ್ಯಾಹ್ನದ ನಂತರ ನನ್ನ ಯಂತ್ರದಲ್ಲಿ ಒಂಬತ್ತು ಸಂದೇಶ ಬಿದ್ದವು. ಅದರಲ್ಲಿ ಒಂದು ಹೀಗಿತ್ತು: ಪ್ರಿಯ ಸದಸ್ಯರೇ, ನಿಮ್ಮ ಹೆಸರಿಗೆ ಒಂದು ಪಾರ್ಸೆಲ್ ಬಂದು ನಮ್ಮಲ್ಲಿದೆ, ಶುಕ್ರವಾರ ಸಂಜೆ ನಾಲ್ಕರ ಒಳಗೆ ಪಡೆಯದಿದ್ದರೆ ಕಳಿಸಿದವರಿಗೆ ವಾಪಸ್ ಹೋಗುತ್ತದೆ, ಪಡೆಯಲು ಕೆಳಗೆ ಒತ್ತಿ. ಯಾವ ಸದಸ್ಯರು ಎಂದು ಹೆಸರಿರಲಿಲ್ಲ. ನನಗೆ ಸ್ವಲ್ಪ ವಿಚಿತ್ರ ಅನ್ನಿಸಿತು. ಆದರೆ ಜರಡಿ ದಾಟಿ ಬಂದಿದೆ, ಓದಬೇಕು.

‘ಕೆಳಗೆ ಒತ್ತಿ’ ಎಂಬ ಮಾತನ್ನು ಮಾತ್ರ ನಾನು ಓದಲಿಲ್ಲ. ಹಿಂದೊಮ್ಮೆ ಅಂಥದ್ದೇ ಒಂದು ಮಾತು ಓದಿದ್ದಕ್ಕೆ ಮುದುಕರು ತಮ್ಮ ರೇಡಿಯೊದ ಕೆಳಗಡೆ ಒತ್ತಿ ಒತ್ತಿ ಗುಂಡಿ ಕಿತ್ತುಕೊಂಡು ರಿಪೇರಿಗೆ ತಂದಿದ್ದರು. ಅದಕ್ಕಾಗಿ ಆ ಜಾಗದಲ್ಲಿ ‘ಹಡಗುಕಟ್ಟೆಯ ಗೋದಾಮಿಗೆ ಬಂದು ಪಡೆಯಿರಿ’ ಎಂದು ನಾನೇ ಸೇರಿಸಿ ಓದಿದೆ. ನಮ್ಮಲ್ಲಿ ಪಾರ್ಸೆಲ್ ಅಂದರೆ ಬರುವುದು ಅಲ್ಲಿಗೇ. ಆ ನಾಲ್ಕು ಮಾತು ಮೇಲ್‌ನಲ್ಲಿ ಇರಲಿಲ್ಲ, ಜೇಮಿಸನ್ ಬರೆದದ್ದೂ ಅಲ್ಲ. ಅವು ನನ್ನ ಬಾಯಿಂದ ಬಂದವು. ಇದನ್ನು ದಯವಿಟ್ಟು ಸ್ಪಷ್ಟವಾಗಿ ಬರೆದುಕೊಳ್ಳಬೇಕು.

ಮರುದಿನ ಗುರುವಾರ ಬೆಳಿಗ್ಗೆ ನಾನು ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಹನ್ನೊಂದರ ಹೊತ್ತಿಗೆ ಗೋದಾಮಿನ ಉಸ್ತುವಾರಿ ಆರ್ಸೆನ್ ತನ್ನ ಲಾರಿಯಲ್ಲಿ ಬಂದು, ಇಳಿಯದೆ, ಕಿಟಕಿಯಿಂದಲೇ ಕೂಗಿದ.

“ಅಕ್ಕಾ, ನೀನು ರೇಡಿಯೊದಲ್ಲಿ ಹೆತ್ತುಬಿಟ್ಟೆ. ತೊಟ್ಟಿಲು ತೂಗೋನು ನಾನಾ?”

ಏನಾಯಿತೆಂದು ಕೇಳಿದೆ.

“ಗೋದಾಮಿನ ಮುಂದೆ ಅರವತ್ತು ಜನ ಕೂತವ್ರೆ. ಒಬ್ಬಳು ಹೊಲಿಗೆ ಮೆಷೀನು ಕೊಡು ಅಂತಾಳೆ. ಒಬ್ಬ ಗಿಟಾರು ಕೊಡು ಅಂತಾನೆ. ಮಾಲೊದಿಂದ ಒಂದು ದೋಣಿ ತುಂಬ ಬಂದವ್ರೆ, ಚರ್ಚಿನ ಗಂಟೆ ಬಂದಿದೆಯಂತೆ, ಹೊರೋಕೆ ಬಿದಿರು ಸಮೇತ. ನಾನು ಇಲ್ಲ ಅಂದ್ರೆ, ಮೇರಿಲಿನ್ ಹೇಳಿದ ಮೇಲೆ ಹೆಂಗೆ ಇಲ್ಲ ಅಂತೀಯಾ, ನೀನೇ ನುಂಗಿರಬೇಕು ಅಂತಾರೆ. ಬಾ, ಬಂದು ನಿನ್ನ ಮಕ್ಕಳನ್ನ ನೀನೇ ಸಮಾಧಾನ ಮಾಡು.”

ನಾನು ಒದ್ದೆ ಬಟ್ಟೆಯಲ್ಲೇ ಲಾರಿ ಹತ್ತಿದೆ. ಗೋದಾಮಿನಲ್ಲಿ ನೋಡಿದರೆ ಆರ್ಸೆನ್ ಹೇಳಿದ್ದು ಕಡಿಮೆಯೇ. ಪ್ರತಿಯೊಬ್ಬರಿಗೂ ಯಾವುದೋ ಒಂದು ಬರಬೇಕಾಗಿತ್ತು. ಹೆಸರು ಹೇಳದೆ ‘ನಿಮ್ಮ ಪಾರ್ಸೆಲ್’ ಎಂದದ್ದನ್ನು ಪ್ರತಿಯೊಬ್ಬರೂ ತಮ್ಮದೆಂದೇ ಕೇಳಿಕೊಂಡಿದ್ದರು. ಅಷ್ಟೊಂದು ಜನ ಅಷ್ಟೊಂದು ಬಗೆಯ ವಸ್ತುಗಳಿಗಾಗಿ ಕಾಯುತ್ತಿದ್ದಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಒಬ್ಬೊಬ್ಬರ ಹತ್ತಿರವೂ ಹೋಗಿ ಏನೋ ತಪ್ಪಾಗಿದೆ, ವಿಚಾರಿಸುತ್ತೇನೆ ಎಂದೆ. ಗಂಟೆಗಾಗಿ ಬಂದವರು ಬಿದಿರು ಹೊತ್ತುಕೊಂಡು ಸುಮ್ಮನೆ ವಾಪಸ್ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಸಂಘದ ಕಚೇರಿಗೆ ಹೋಗುವಷ್ಟರಲ್ಲಿ ಎರಡು ಗಂಟೆ ದಾಟಿತ್ತು. ಜೇಮಿಸನ್ ಊಟದ ಡಬ್ಬಿ ತೆರೆದು ಕೂತಿದ್ದ. ನಾನು ಆ ಸಂದೇಶದ ಕಾಗದವನ್ನು ಅವನ ಮುಂದೆ ಇಟ್ಟೆ. ಅವನು ಅದನ್ನು ನೋಡಿದವನೇ ಡಬ್ಬಿ ಮುಚ್ಚಿದ.

“ಆಂಟಿ, ಇದನ್ನ ಓದಿಬಿಟ್ರಾ?”

“ಓದದೆ ಏನು ಮಾಡ್ಲಿ? ನಿನ್ನ ಜರಡಿ ಬಿಟ್ಟಿತು, ನಾನು ಓದಿದೆ.”

“ಅದು ಪಾರ್ಸೆಲ್ ಅಲ್ಲ ಆಂಟಿ. ಅಣಕು ಅದು. ಮೋಸದ ಮೇಲ್ ಬಂದ್ರೆ ನಮ್ಮೋರು ಬೀಳ್ತಾರೋ ಇಲ್ವೋ ಅಂತ ನೋಡೋಕೆ ನಾವೇ ಕಳಿಸಿಕೊಂಡಿದ್ದು.”

ಅವನು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಸಂಘಕ್ಕೆ ಹೊಸ ಪ್ರಸಾರ ಯಂತ್ರ ಕೊಡಿಸುವವರು, ಅದಕ್ಕೆ ಮೊದಲು ಸಂಘದ ನೌಕರರಿಗೆ ಇಂಥ ಪರೀಕ್ಷೆ ಆಗಿರಬೇಕೆಂದು ಷರತ್ತು ಹಾಕಿದ್ದರು. ಪರೀಕ್ಷೆ ಮಾಡುವ ಕಂಪನಿ ಬ್ರಿಸ್ಬೇನ್‌ನಲ್ಲಿದೆ. ಅವರು ಮೋಸದ ಮೇಲ್‌ನಂತೆಯೇ ಕಾಣುವ ಮೇಲ್ ಕಳಿಸುತ್ತಾರೆ. ಯಾರು ಒತ್ತುತ್ತಾರೋ ಅವರಿಗೆ, ನೋಡಿ ಹೀಗೆ ಮೋಸ ಹೋಗುತ್ತೀರಿ ಎಂದು ಪಾಠ ಬರುತ್ತದೆ. ಯಾರಿಗೂ ನಷ್ಟವಿಲ್ಲ.

ಮೋಸದ ಮೇಲನ್ನು ತಡೆಯುವುದಕ್ಕೆಂದೇ ಇಟ್ಟ ಜರಡಿ ಇದನ್ನು ಏಕೆ ಬಿಟ್ಟಿತೆಂದು ನಾನು ಕೇಳಿದೆ.

“ಬಿಡ್ಲಿಲ್ಲ ಆಂಟಿ. ಮೊದಲನೇ ಸಲ ಎಲ್ಲಾನೂ ತಡೀತು. ಒಂದೂ ಒಳಗೆ ಬರ್ಲಿಲ್ಲ. ಜರಡಿನೇ ತಡೆದ್ರೆ ಮನುಷ್ಯರ ಪರೀಕ್ಷೆ ಆಗೋದು ಹೆಂಗೆ? ಅದಕ್ಕೇ ನಾನೇ ಅದಕ್ಕೆ ಹೇಳ್ದೆ, ಈ ಒಂದು ಕಡೆಯಿಂದ ಬರೋದನ್ನ ಮುಟ್ಟಬೇಡ, ನೋಡಬೇಡ, ಸೀದಾ ಒಳಗೆ ಬಿಡು ಅಂತ. ಎಲ್ಲಾ ಕಡೆ ಹಂಗೇ ಮಾಡೋದು.”

“ನನಗೊಂದು ಮಾತು ಹೇಳಬಾರದಾಗಿತ್ತಾ?”

“ಹೇಳಿದ್ರೆ ಪರೀಕ್ಷೆ ಆಗಲ್ವಲ್ಲ ಆಂಟಿ. ಅಧ್ಯಕ್ಷರಿಗೆ ಮಾತ್ರ ಹೇಳಿದ್ದೆ.”

ಸಂಘದ ನಲವತ್ತೊಂದು ಮೇಲ್ ವಿಳಾಸಗಳಿಗೂ ಅದು ಹೋಗುವಂತೆ ಅವನು ಮಾಡಿದ್ದ. ಸಂದೇಶಗಳ ವಿಳಾಸವೂ ಅದರಲ್ಲಿ ಸೇರಿಹೋಗಿತ್ತು. ಅವನ ಲೆಕ್ಕದಲ್ಲಿ ಅದೂ ಒಂದು ಪೆಟ್ಟಿಗೆ. ಆ ಪೆಟ್ಟಿಗೆಯ ಹಿಂದೆ ಅಷ್ಟೂ ದ್ವೀಪಗಳ ಕಿವಿ ಇದೆ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ. ಉಳಿದ ನಲವತ್ತು ಜನರಲ್ಲಿ ಎಷ್ಟು ಮಂದಿ ಒತ್ತಿದರೆಂದು ಕೇಳಿದ್ದಕ್ಕೆ, ಇಬ್ಬರು, ಅದರಲ್ಲಿ ಒಬ್ಬರು ಅಧ್ಯಕ್ಷರೇ ಎಂದ. ಅವರಿಗೆ ಗೊತ್ತಿದ್ದೂ ಒತ್ತಿದರಂತೆ. ಒಂದು ವೇಳೆ ನಿಜವಾಗಿದ್ದರೆ ಎಂದು.

ಆಗ ಅಧ್ಯಕ್ಷರು ಒಳಗೆ ಬಂದರು. ತಕ್ಷಣ ರೇಡಿಯೊದಲ್ಲಿ ತಪ್ಪನ್ನು ಹೇಳಿಬಿಡೋಣ ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ. ಯಂತ್ರ ಕೊಡುವವರು ಸೋಮವಾರ ಬರುತ್ತಾರೆ, ಮೋಸ ತಡೆಯುವ ಪರೀಕ್ಷೆಯಲ್ಲಿ ಸಂಘವೇ ಊರಿಗೆಲ್ಲ ಮೋಸ ಮಾಡಿತೆಂದು ಸಾರಿದರೆ ಏನು ಮರ್ಯಾದೆ ಉಳಿಯುತ್ತದೆ ಎಂದರು. ಸಂಜೆ ಆರೂವರೆಗೆ, ಮಾಮೂಲಿ ಸಂದೇಶಗಳ ನಡುವೆ, ‘ಪಾರ್ಸೆಲ್ ವಿಚಾರ ರದ್ದಾಗಿದೆ’ ಎಂದು ಒಂದು ಸಾಲು ಸಾಕು ಎಂದರು. ಅವರು ಕೆಟ್ಟವರಲ್ಲ. ಆ ಯಂತ್ರಕ್ಕಾಗಿ ನಾಲ್ಕು ವರ್ಷ ಓಡಾಡಿದ್ದಾರೆ. ನಾನು ಆಗಲಿ ಎಂದೆ.

ಮೂರೂವರೆಯ ಹೊತ್ತಿಗೆ ಕಚೇರಿಗೆ ಫೋನ್ ಬಂತು. ಪೆಲಾವದ ಶಾಲೆಯ ಮೇಷ್ಟ್ರು ಮಾತಾಡಿದರು. ಪೆಲಾವ ಪಶ್ಚಿಮ ಕರಾವಳಿಯ ಸಣ್ಣ ಊರು. ರಸ್ತೆ ಇಲ್ಲ. ಫೋನ್ ಮಾಡಬೇಕೆಂದರೆ ಗುಡ್ಡ ಹತ್ತಬೇಕು. ಅವರು ಗುಡ್ಡ ಹತ್ತಿ, ಏದುಸಿರು ಬಿಡುತ್ತ, ನಮ್ಮ ಅಜ್ಜ ಅಜ್ಜಿಯರು ಬಂದು ಮುಟ್ಟಿದರಾ ಎಂದು ಕೇಳಿದರು.

ಯಾವ ಅಜ್ಜ ಅಜ್ಜಿಯರು ಎಂದೆ.

“ನಿನ್ನೆ ನೀವೇ ಹೇಳಿದ್ರಲ್ಲ, ಕನ್ನಡಕ ಬಂದಿದೆ ಅಂತ. ಬೆಳಗಾಗೋ ಮುಂಚೆ ಏಳು ಜನ ರೆಮಿ ದೋಣೀಲಿ ಹೊರಟ್ರು. ಸಮುದ್ರ ಚೆನ್ನಾಗಿಲ್ಲ, ನಾಳಿದ್ದು ಹೋಗಿ ಅಂದೆ. ಶುಕ್ರವಾರ ವಾಪಸ್ ಕಳಿಸಿಬಿಡ್ತಾರಂತೆ, ಮೇರಿಲಿನ್ ಸುಳ್ಳು ಹೇಳ್ತಾಳಾ ಅಂದ್ರು. ಈಗ ಗಾಳಿ ನೋಡಿದ್ರೆ ನನಗೆ ಭಯ ಆಗ್ತಿದೆ ತಾಯೀ.”

ಜೇಮಿಸನ್ ಫೋನ್ ತೆಗೆದುಕೊಂಡು, ದೋಣಿಯಲ್ಲಿ ಯಾರ್ಯಾರು ಇದ್ದಾರೆಂದು ಕೇಳಿ ಹೆಸರು ಬರೆದುಕೊಂಡ.

ಪೆಲಾವದ ವಿಚಾರ ಹೀಗಿದೆ. ಈ ವರ್ಷದ ಮೊದಲಲ್ಲಿ ಕಣ್ಣಿನ ವೈದ್ಯರ ತಂಡ ಅಲ್ಲಿಗೆ ಹೋಗಿ, ಹನ್ನೊಂದು ಮುದುಕ ಮುದುಕಿಯರ ಕಣ್ಣು ಅಳೆದು, ಕನ್ನಡಕ ಮಾಡಿಸಿ ಕಳಿಸುತ್ತೇವೆಂದು ಹೇಳಿ ಬಂದಿತ್ತು. ಆ ಊರಿನವರು ಮಣ್ಣಿನ ಮಡಕೆ ಮಾಡುವವರು. ಮಡಕೆಯ ಕುತ್ತಿಗೆಗೆ ಬಿದಿರಿನ ಕಡ್ಡಿಯಲ್ಲಿ ಚಿತ್ತಾರ ಕೊರೆಯಬಲ್ಲ ಹೆಂಗಸರು ನಾಲ್ಕೇ ಜನ ಉಳಿದಿದ್ದರು, ನಾಲ್ವರಿಗೂ ಕಣ್ಣು ಕಾಣುತ್ತಿರಲಿಲ್ಲ. ಅವರು ಆ ಪಾರ್ಸೆಲ್‌ಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ನಾನು ‘ನಿಮ್ಮ ಪಾರ್ಸೆಲ್’ ಎಂದಾಗ ಅವರಿಗೆ ಬೇರೆ ಅರ್ಥ ಆಗಲು ಸಾಧ್ಯವೇ ಇರಲಿಲ್ಲ.

ಪೆಲಾವದಿಂದ ಬರುವ ದೋಣಿ ದಕ್ಷಿಣದ ಭೂಶಿರವನ್ನು ಸುತ್ತಿ ತಾಸಿರಿಕಿಗೆ ಬರಬೇಕು, ಅಲ್ಲಿಂದ ಪಟ್ಟಣಕ್ಕೆ ಲಾರಿ. ಆಗ್ನೇಯದ ಗಾಳಿ ಎದ್ದಾಗ ಆ ಭೂಶಿರದ ಹತ್ತಿರ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನ ಯಜಮಾನರು ಹೋದದ್ದೂ ಅಲ್ಲಿಯೇ.

ತಾಸಿರಿಕಿಗೆ ಫೋನ್ ಮಾಡಿ ಕೇಳಿದೆವು. ಪೆಲಾವದ ದೋಣಿ ಬಂದಿಲ್ಲ ಎಂದರು. ಇನ್ನೂ ಭೂಶಿರದ ಆ ಕಡೆಯೇ ಇರಬಹುದು, ಇಲ್ಲವೇ ಸುತ್ತುತ್ತಿರಬಹುದು. ಅಧ್ಯಕ್ಷರು ಆಗ ಮನೆಗೆ ಹೋಗಿದ್ದರು. ನಾನು ಅವರನ್ನು ಕೇಳಲಿಲ್ಲ. ಸ್ಟುಡಿಯೊಗೆ ಓಡಿದೆ, ಜೇಮಿಸನ್ ಹಿಂದೆಯೇ ಬಂದ. ನಾಲ್ಕು ಗಂಟೆಯ ಹಾಡುಗಳ ಕಾರ್ಯಕ್ರಮ ನಡೆಯುತ್ತಿತ್ತು. ಯಾರದೋ ಮದುವೆಯ ಹಾಡನ್ನು ಅರ್ಧಕ್ಕೆ ನಿಲ್ಲಿಸಿದೆ. ಹತ್ತೊಂಬತ್ತು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ದೋಣಿಯಲ್ಲಿದ್ದ ಮಲಿಯು ಅಜ್ಜ ಎಲ್ಲಿ ಹೋದರೂ ತೊಡೆಯ ಮೇಲೆ ರೇಡಿಯೊ ಇಟ್ಟುಕೊಳ್ಳುವವರು, ತೋಟಕ್ಕೂ, ದೋಣಿಗೂ. ಅದೊಂದೇ ನನಗಿದ್ದ ನಂಬಿಕೆ.

ನಾನು ಮೈಕಿನಲ್ಲಿ ಹೀಗೆ ಹೇಳಿದೆ: “ಪೆಲಾವದ ರೆಮಿ, ಮಲಿಯು ಅಜ್ಜ, ಎಸ್ತಾ ಅಜ್ಜಿ, ನಾನು ಮೇರಿಲಿನ್. ಭೂಶಿರ ದಾಟಬೇಡಿ. ಎಲ್ಲಿದ್ದೀರೋ ಅಲ್ಲೇ ದಡ ಹಿಡೀರಿ. ಪಾರ್ಸೆಲ್ ಇಲ್ಲ. ನಾನು ಓದಿದ್ದು ಸುಳ್ಳು ಸಂದೇಶ. ವಾಪಸ್ ಹೋಗೋ ವಸ್ತು ಯಾವುದೂ ಇಲ್ಲ, ಆತುರ ಬೇಡ.” ಇದನ್ನೇ ಮೂರು ಸಲ ಹೇಳಿದೆ.

ಆಮೇಲೆ ನನಗೆ ಒಂದು ಯೋಚನೆ ಬಂತು. ಇಷ್ಟು ವರ್ಷ ನಿಜವನ್ನೇ ಓದಿದವಳು ಈಗ ‘ನಾನು ಓದಿದ್ದು ಸುಳ್ಳು’ ಎಂದರೆ ಯಾರು ನಂಬುತ್ತಾರೆ? ಮಲಿಯು ಅಜ್ಜ ತಮಾಷೆ ಅಂದುಕೊಳ್ಳುತ್ತಾರೆ. ಇಲ್ಲವೇ, ಗೋದಾಮಿನಲ್ಲಿ ಯಾರೋ ಕನ್ನಡಕ ಹೊಡೆದುಕೊಂಡಿದ್ದಾರೆ, ಬೇಗ ಹೋಗೋಣ ಎನ್ನುತ್ತಾರೆ. ನಾನು ಅದನ್ನು ಜೇಮಿಸನ್‌ಗೆ ಹೇಳಿದೆ. ಅವನು ನನ್ನ ಪಕ್ಕಕ್ಕೆ ಬಗ್ಗಿ ಮೈಕ್ ತನ್ನ ಕಡೆ ತಿರುಗಿಸಿಕೊಂಡ.

“ಅಜ್ಜಾ, ನನ್ನ ಹೆಸರು ಜೇಮಿಸನ್ ಬುಲೆ. ಆ ಸುಳ್ಳು ಸಂದೇಶ ಬರೋಹಂಗೆ ಬಾಗಿಲು ತೆಗೆದೋನು ನಾನು. ಬೇಕಂತಲೇ ತೆಗೆದೆ, ಕಚೇರಿಯೋರಿಗೆ ಪರೀಕ್ಷೆ ಮಾಡೋಕೆ. ನಿಮ್ಮ ತನಕ ಬರುತ್ತೆ ಅಂತ ಗೊತ್ತಿರಲಿಲ್ಲ. ಮೇರಿಲಿನ್ ಆಂಟೀದು ಏನೂ ತಪ್ಪಿಲ್ಲ. ನಿಮಗೆ ಬೈಬೇಕು ಅಂದ್ರೆ ನನಗೆ ಬೈರಿ. ಆದ್ರೆ ಬೈಯೋಕೆ ನೀವು ಇರಬೇಕು. ದಡಕ್ಕೆ ಹೋಗಿ ಅಜ್ಜಾ.”

ಅಧ್ಯಕ್ಷರು ನಿಮಗೆ ಕೊಟ್ಟ ದೂರಿನಲ್ಲಿ, ಸದರಿ ಜೇಮಿಸನ್ ತಾನೇ ರೇಡಿಯೊದಲ್ಲಿ ತಪ್ಪೊಪ್ಪಿಕೊಂಡಿದ್ದಾನೆ ಎಂದು ಬರೆದಿರುವುದಾಗಿ ತಿಳಿಯಿತು. ಒಪ್ಪಿಕೊಂಡದ್ದು ನಿಜ. ಏಕೆ ಒಪ್ಪಿಕೊಂಡ ಎಂಬುದು ಆ ದೂರಿನಲ್ಲಿ ಇಲ್ಲ. ಅದಕ್ಕಾಗಿಯೇ ನಾನು ಬಂದಿರುವುದು.

ಗುರುವಾರ ಸಂಜೆ ತಾಸಿರಿಕಿಯಿಂದ ಯಾವ ಸುದ್ದಿಯೂ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ನಾನು ಕಚೇರಿಗೆ ಹೋದಾಗ ಜೇಮಿಸನ್ ಆಗಲೇ ಬಂದಿದ್ದ. ಅಣಕು ಮೇಲ್‌ಗಳಿಗೆ ತೆಗೆದಿದ್ದ ಬಾಗಿಲನ್ನು ಮುಚ್ಚಿದೆ ಎಂದ. ಮುಚ್ಚಿದ ಮೇಲೆ ಕೈಗೆ ಕೆಲಸ ಬೇಕೆಂದು, ಜರಡಿ ತಡೆದಿಟ್ಟ ರಾಶಿಯನ್ನು ತೆಗೆದು ನೋಡುತ್ತಿದ್ದ. ಈ ಪರೀಕ್ಷೆಯ ತಯಾರಿ, ವರದಿ ಎಂದು ಕಳೆದ ಏಳು ಸೋಮವಾರ ಅವನು ಆ ರಾಶಿಯನ್ನು ತೆಗೆದಿರಲಿಲ್ಲ. ಅಧ್ಯಕ್ಷರೇ ಇದನ್ನು ಮೊದಲು ಮುಗಿಸು ಎಂದಿದ್ದರು.

ಒಂಬತ್ತರ ಹೊತ್ತಿಗೆ ಅವನು, “ಆಂಟಿ, ಇಲ್ಲಿ ಬನ್ನಿ” ಎಂದು ಕರೆದ. ಪರದೆಯ ಮೇಲೆ ಒಂದು ಮೇಲ್ ಇತ್ತು. ಅದು ಕಣ್ಣಿನ ವೈದ್ಯರ ತಂಡದಿಂದ ಬಂದದ್ದು. ಪೆಲಾವದ ಹನ್ನೊಂದು ಜನರ ಕನ್ನಡಕ ಸಿದ್ಧವಾಗಿದೆ, ಪಟ್ಟಣದ ಆಸ್ಪತ್ರೆಯ ದಾಸ್ತಾನು ಕೋಣೆಯಲ್ಲಿ ಇಟ್ಟಿದ್ದೇವೆ, ದಯವಿಟ್ಟು ರೇಡಿಯೊದಲ್ಲಿ ತಿಳಿಸಿ ಎಂದು ಬರೆದಿತ್ತು. ಬಂದು ಆರು ವಾರ ಆಗಿತ್ತು. ಜೊತೆಗೆ ಹೆಸರುಗಳ ಪಟ್ಟಿ ಅಂಟಿಸಿದ್ದರಿಂದ ಜರಡಿ ಅನುಮಾನ ಪಟ್ಟು ತಡೆದಿತ್ತಂತೆ.

ಅವನು ಆ ಹೆಸರುಗಳ ಪಟ್ಟಿಯನ್ನು ತೆರೆದು ಒಂದೊಂದಾಗಿ ಓದಿದ. ಆಮೇಲೆ, “ಸುಳ್ಳನ್ನ ನಾನೇ ಕೈ ಹಿಡಿದು ಒಳಗೆ ಕರ್ಕೊಂಡು ಬಂದೆ, ನಿಜ ಹೊರಗೆ ನಿಂತಿತ್ತು” ಎಂದ.

ಅಷ್ಟರಲ್ಲಿ ನಿಮ್ಮ ಠಾಣೆಯಿಂದ ಇಬ್ಬರು ಬಂದರು. ಅವನು ಅವರಿಗೆ ಒಂದು ನಿಮಿಷ ಎಂದು ಹೇಳಿ, ಆ ಮೇಲನ್ನು ಅಚ್ಚು ಹಾಕಿ ನನ್ನ ಕೈಗೆ ಕೊಟ್ಟು, “ಆಸ್ಪತ್ರೆಗೆ ಹೋಗಿ ಆಂಟಿ, ಮೊದಲು ಹೋಗಿ” ಎಂದು, ಆಮೇಲೆ ಜೀಪು ಹತ್ತಿದ. ಊಟದ ಡಬ್ಬಿ ಮೇಜಿನ ಮೇಲೆಯೇ ಇತ್ತು.

ನಾನು ಆರ್ಸೆನ್‌ನ ಲಾರಿಯಲ್ಲಿ ಆಸ್ಪತ್ರೆಗೆ ಹೋದೆ. ದಾಸ್ತಾನು ಕೋಣೆಯ ಸಿಸ್ಟರ್, “ಇದನ್ನ ಯಾರೂ ಕೇಳೋರೇ ಇಲ್ಲ ಅಂದ್ಕೊಂಡಿದ್ದೆ” ಎನ್ನುತ್ತ ಒಂದು ಕಂದು ಪೆಟ್ಟಿಗೆ ಕೊಟ್ಟರು. ಒಳಗೆ ಹನ್ನೊಂದು ಡಬ್ಬಿ, ಒಂದೊಂದರ ಮೇಲೂ ಹೆಸರು.

ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಲಾರಿಯಲ್ಲಿ ಕೂತಾಗ ಆರ್ಸೆನ್ ಸಹ ಏನೂ ತಮಾಷೆ ಮಾಡಲಿಲ್ಲ. ಕನ್ನಡಕ ಇತ್ತು, ಹಾಕಿಕೊಳ್ಳುವವರು ಇದ್ದಾರೋ ಇಲ್ಲವೋ ಗೊತ್ತಿರಲಿಲ್ಲ.

ಹನ್ನೆರಡೂವರೆಗೆ ನಾವು ಗೋದಾಮಿನ ಮುಂದೆ ಇದ್ದಾಗ ತಾಸಿರಿಕಿಯ ಲಾರಿ ಬಂದು ನಿಂತಿತು. ಹಿಂದೆ ಏಳು ಜನ ಮುದುಕರು, ಎರಡು ಬುಟ್ಟಿ ಗೆಣಸು, ಕಾಲು ಕಟ್ಟಿದ ಒಂದು ಹುಂಜ, ಎಲೆಯಲ್ಲಿ ಸುತ್ತಿದ ಲಪ್‌ಲಪ್ ಕಡುಬು. ನಾನು ಎಣಿಸಿದೆ. ಮತ್ತೆ ಎಣಿಸಿದೆ. ಏಳೂ ಇದ್ದರು. ರೆಮಿ ಎಂಟನೆಯವನು.

ಎಸ್ತಾ ಅಜ್ಜಿಗೆ ಎಂಬತ್ತರ ಹತ್ತಿರ ವಯಸ್ಸು. ಕೈ ಮುಂದೆ ಚಾಚಿ ಲಾರಿಯಿಂದ ಇಳಿಯುತ್ತಲೇ ಕೇಳಿದರು:

“ಎಲ್ಲಿ ಅವನು, ಸುಳ್ಳು ಹುಡುಗ? ಅವನ ಮುಖ ನೋಡಬೇಕು ಅಂತ ಬಂದೆ.”

ಕಣ್ಣೇ ಕಾಣಲ್ಲವಲ್ಲ, ಏನು ನೋಡುತ್ತೀಯ ಎಂದು ಮಲಿಯು ಅಜ್ಜ ಕೇಳಿದರು.

“ಕಿವಿ ಹಿಂಡೋಕೆ ಕಣ್ಣು ಬೇಕಾ?”

ಅವರು ಹೇಳಿದ್ದು ಇಷ್ಟು. ಗುರುವಾರ ನಾಲ್ಕು ಗಂಟೆಗೆ ಅವರು ಭೂಶಿರ ಮುಟ್ಟಲು ಇನ್ನೂ ಸುಮಾರು ಎರಡು ಮೈಲಿ ಇರುವಾಗ, ಕಪ್ಪು ಮರಳಿನ ದಡದಲ್ಲಿ ಎಂಜಿನ್‌ಗೆ ಎಣ್ಣೆ ತುಂಬುತ್ತಿದ್ದರು. ತುಂಬಿ ದೋಣಿಯನ್ನು ನೀರಿಗೆ ತಳ್ಳಿದ್ದೂ ಆಗಿತ್ತು. ಮಲಿಯು ಅಜ್ಜನ ತೊಡೆಯ ಮೇಲಿನ ರೇಡಿಯೊದಲ್ಲಿ ಹಾಡು ನಿಂತು ನನ್ನ ದನಿ ಬಂತು. ನಾನು ಅಂದುಕೊಂಡಂತೆಯೇ ಅವರು ನಂಬಲಿಲ್ಲ. ಮೇರಿಲಿನ್‌ಗೆ ಕಾವಾ ಕುಡಿಸಿ ಮತ್ತೇರಿಸಿದ್ದಾರೆ ಎಂದು ರೆಮಿ ನಕ್ಕನಂತೆ. ಆಮೇಲೆ ಜೇಮಿಸನ್‌ನ ದನಿ ಬಂತು.

“ಆ ಹುಡುಗನ ದನಿ ನಡುಗ್ತಿತ್ತು,” ಎಂದು ಎಸ್ತಾ ಅಜ್ಜಿ ಹೇಳಿದರು. “ಬೈಯೋಕೆ ನೀವು ಇರಬೇಕು ಅಂದ. ಸುಳ್ಳು ಹೇಳೋರು ಹಂಗೆ ಹೇಳಲ್ಲ. ರೆಮಿ, ಎಳಿ ದೋಣಿ ಮೇಲಕ್ಕೆ ಅಂದೆ.”

ದೋಣಿ ಎಳೆದ ಸ್ವಲ್ಪ ಹೊತ್ತಿಗೆ ಗಾಳಿ ಇನ್ನೂ ಜೋರಾಯಿತಂತೆ. ಭೂಶಿರದ ಮುಂದೆ ಸಮುದ್ರ ಬಿಳಿಯಾಗಿತ್ತು ಎಂದು ರೆಮಿ ಹೇಳಿದ. ಮರುದಿನ ಬೆಳಿಗ್ಗೆ ಸಮುದ್ರ ಇಳಿದಾಗ ಊರಿಗೆ ವಾಪಸ್ ಹೋಗಬಹುದಿತ್ತು. ಅಜ್ಜಿ, ಅರ್ಧ ದಾರಿ ಬಂದಾಗಿದೆ, ಹುಡುಗನನ್ನು ನೋಡಿಕೊಂಡೇ ಹೋಗೋಣ ಎಂದು ಹಟ ಹಿಡಿದದ್ದರಿಂದ ಬಂದರು.

ನಾನು ಪೆಟ್ಟಿಗೆ ತೆರೆದೆ. ಗೋದಾಮಿನ ಮೆಟ್ಟಿಲ ಮೇಲೆ ಏಳು ಜನರನ್ನೂ ಕೂರಿಸಿ, ಹೆಸರು ಓದಿ ಒಬ್ಬೊಬ್ಬರಿಗೂ ಹಾಕಿದೆ. ಮಲಿಯು ಅಜ್ಜ ಮೊದಲು ನೋಡಿದ್ದು ತಮ್ಮ ರೇಡಿಯೊವನ್ನು. ಇಷ್ಟು ಕೊಳಕಾಗಿದೆಯಾ ಎಂದು ತೋಳಿನಿಂದ ಒರೆಸಿದರು. ಎಸ್ತಾ ಅಜ್ಜಿ ನನ್ನ ಮುಖವನ್ನು ತುಂಬ ಹೊತ್ತು ನೋಡಿ, “ದನಿ ಕೇಳಿ ನೀನು ದಪ್ಪ ಇರ್ತೀಯ ಅಂದ್ಕೊಂಡಿದ್ದೆ ಮಗಾ” ಎಂದರು.

ಪೆಟ್ಟಿಗೆಯಲ್ಲಿ ನಾಲ್ಕು ಡಬ್ಬಿ ಉಳಿದವು. ಮೂರು, ದೋಣಿ ಹತ್ತಲಾರದೆ ಊರಲ್ಲೇ ಉಳಿದವರವು. ನಾಲ್ಕನೆಯದರ ಮೇಲೆ ಸೆಲಿನ್ ಎಂದಿತ್ತು. ಸೆಲಿನ್ ಎಲ್ಲಿ ಎಂದು ಕೇಳಿದೆ. ಚಿತ್ತಾರ ಕೊರೆಯುವ ನಾಲ್ವರಲ್ಲಿ ಆಕೆಯೇ ಹಿರಿಯಳು. ತೀರಿಕೊಂಡು ಮೂರು ವಾರ ಆಯಿತಂತೆ. ಕೊನೆಯ ಮಡಕೆಯ ಕುತ್ತಿಗೆಯನ್ನು ಬರಿದಾಗಿ ಬಿಟ್ಟು, ಕನ್ನಡಕ ಬಂದ ಮೇಲೆ ಕೊರೆಯುತ್ತೇನೆಂದು ಒದ್ದೆ ಎಲೆಯಲ್ಲಿ ಸುತ್ತಿಟ್ಟಿದ್ದಳಂತೆ. ಕನ್ನಡಕ ಬಂದಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ಇತ್ತು.

ಇದನ್ನು ನಾನು ನಿನ್ನೆ ಸಂಜೆ ಇಲ್ಲಿ ಕಂಬಿಯ ಈಚೆಯಿಂದ ಜೇಮಿಸನ್‌ಗೆ ಹೇಳಿದೆ. ಹೇಳಬಾರದಿತ್ತೋ ಏನೋ. ಅವನು ಗೋಡೆಯ ಕಡೆ ತಿರುಗಿ ಕೂತ. ಸುಳ್ಳು ಸಂದೇಶದ ಬಗ್ಗೆ ನೀವು ಯಾವ ಕಲಮಿನಲ್ಲಿ ಬೇಕಾದರೂ ಕೇಸು ಹಾಕಬಹುದು. ಈ ಇನ್ನೊಂದರ ಬಗ್ಗೆ ನಿಮ್ಮಲ್ಲಿ ಕಲಮು ಇಲ್ಲ, ಆ ಕೇಸನ್ನು ಅವನು ತನ್ನ ಮೇಲೆ ತಾನೇ ಹಾ‌ಕಿಕೊಂಡಿದ್ದಾನೆ. ಅದರಲ್ಲಿ ಪಾಲು ಕೊಡಬೇಕೆಂದರೆ ನಿಯಮ ಮಾಡಿದ ಅಧ್ಯಕ್ಷರಿಗೂ, ಆರು ವಾರದಲ್ಲಿ ಒಂದು ಸಲವೂ ‘ರಾಶಿ ನೋಡಿದೆಯಾ’ ಎಂದು ಕೇಳದ ನನಗೂ ಇದೆ.

ನಿನ್ನೆ ಮಧ್ಯಾಹ್ನದಿಂದ ನಿಮ್ಮ ಠಾಣೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂತಿರುವ ಏಳು ಜನ ಇವರೇ. ನಿಮ್ಮ ಪೇದೆಗಳಿಗೆ ಲಪ್‌ಲಪ್ ಕೊಟ್ಟವರೂ ಇವರೇ. ಅವರು ದೂರು ಕೊಡಲು ಬಂದವರೆಂದು ನೀವು ತಿಳಿದಿದ್ದೀರಿ ಎಂದು ನನ್ನ ಕಿವಿಗೆ ಬಿತ್ತು. ಅಲ್ಲ. ಅಪಾಯಕ್ಕೆ ಸಿಕ್ಕವರು ನಾವು, ನಮಗೆ ದೂರಿಲ್ಲ, ಹುಡುಗನನ್ನು ಹೊರಗೆ ಬಿಟ್ಟರೆ ಕಿವಿ ಹಿಂಡಿ, ಹುಂಜ ಕೊಟ್ಟು, ಊರಿಗೆ ಹೋಗುತ್ತೇವೆ ಎನ್ನುತ್ತಿದ್ದಾರೆ. ಬಿಡದಿದ್ದರೆ ಇಲ್ಲೇ ಇರುತ್ತಾರಂತೆ. ಗೆಣಸು ಸಾಕಷ್ಟಿದೆ.

ಇನ್ನೊಂದು ವಿಚಾರ. ಜರಡಿ ತಡೆದಿಟ್ಟ ರಾಶಿಯಲ್ಲಿ ಜೇಮಿಸನ್ ಅರ್ಧವನ್ನಷ್ಟೇ ನೋಡಿದ್ದ. ಇನ್ನರ್ಧದಲ್ಲಿ ಯಾರ ಸಾವಿದೆಯೋ, ಯಾರ ಹೆರಿಗೆ ಇದೆಯೋ ಯಾರಿಗೂ ಗೊತ್ತಿಲ್ಲ. ಅದನ್ನು ತೆಗೆಯಲು ಬರುವವನು ಸಂಘದಲ್ಲಿ ಒಬ್ಬನೇ, ಅವನು ನಿಮ್ಮ ಕೋಣೆಯಲ್ಲಿದ್ದಾನೆ. ಅಧ್ಯಕ್ಷರಿಗೂ ಇದನ್ನು ಇಂದು ಬೆಳಿಗ್ಗೆ ಹೇಳಿದ್ದೇನೆ. ಅವರು ಬೇಡ ಎನ್ನಲಿಲ್ಲ. ಅವನಿಗೆ ಜಾಮೀನು ನಿಲ್ಲಲು ನಾನು ಸಿದ್ಧಳಿದ್ದೇನೆ. ಕರೆದಾಗ ಕರೆತರುತ್ತೇನೆ.

ಇಂದು ಆರೂವರೆಗೆ ನಾನು ಒಂದು ಸಂದೇಶ ಓದಬೇಕಾಗಿದೆ. ಎಸ್ತಾ ಅಜ್ಜಿ ಬಾಯಲ್ಲಿ ಹೇಳಿ ಬರೆಸಿದ್ದು. ಪೆಲಾವದ ಸೆಲಿನ್ ಎಂಬಾಕೆಯ ಕನ್ನಡಕ ಸಂಘದಲ್ಲಿದೆ, ಹತ್ತಿರದ್ದು ಕಾಣದ ಹೆಂಗಸರು ಯಾವ ದ್ವೀಪದಲ್ಲಿದ್ದರೂ ಬಂದು ಹಾಕಿ ನೋಡಬಹುದು, ಹೊಂದಿದವರು ಒಂದು ಸಲ ಪೆಲಾವಕ್ಕೆ ಬಂದು ಆ ಮಡಕೆಯ ಕುತ್ತಿಗೆ ಮುಗಿಸಿಕೊಡಬೇಕು, ಚಿತ್ತಾರ ನಾವು ಹೇಳಿಕೊಡುತ್ತೇವೆ. ಆತುರವಿಲ್ಲ, ಸಮುದ್ರ ನೋಡಿಕೊಂಡು ಬನ್ನಿ. ಇದರಲ್ಲಿ ನಾನು ಒಂದು ಮಾತನ್ನೂ ಸೇರಿಸಿಲ್ಲ.

ನಾನು ಹೇಳಿದ್ದನ್ನು ಬರೆದುಕೊಂಡು ನನಗೆ ಓದಿ ಹೇಳಿದ್ದಾರೆ. ಇಷ್ಟು ದಿನ ಬೇರೆಯವರ ಮಾತನ್ನು ಓದಿದವಳು ನನ್ನ ಮಾತನ್ನು ಇನ್ನೊಬ್ಬರು ಓದುವುದನ್ನು ಕೇಳಿದೆ. ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಇದೇ, ಇದು ಸತ್ಯ.

ಸ್ಥಳ: ಲುಗನ್‌ವಿಲ್ ಠಾಣೆ
ದಿನ: ಶನಿವಾರ, ಸಂಜೆ 5.20
(ಸಹಿ) ಮೇರಿಲಿನ್ ಗರಾಯ್

ಸಾಕ್ಷಿ: ಎಸ್ತಾ, ಪೆಲಾವ. ಹೆಬ್ಬೆಟ್ಟು ಒತ್ತುವ ಮೊದಲು ಕಾಗದವನ್ನು ಕನ್ನಡಕದಲ್ಲಿ ನೋಡಿ, ಅಕ್ಷರ ಬಾರದಿದ್ದರೂ ಸಾಲು ನೆಟ್ಟಗಿದೆ ಎಂದು ತಿಳಿಸಿದರು.

ಬರೆದುಕೊಂಡ ಅಧಿಕಾರಿಯ ಟಿಪ್ಪಣಿ: ಜೇಮಿಸನ್ ಬುಲೆ ಎಂಬುವವರನ್ನು ಮೇಲ್ಕಂಡವರ ಜಾಮೀನಿನ ಮೇಲೆ 5.45ಕ್ಕೆ ಬಿಡಲಾಯಿತು. ಜಗಲಿಯಲ್ಲಿ ಸದರಿಯವರ ಕಿವಿ ಹಿಂಡಿದ್ದನ್ನು ನಾನು ಕಂಡಿರುತ್ತೇನೆ. ಅದರ ಬಗ್ಗೆ ಯಾರೂ ದೂರು ಕೊಟ್ಟಿಲ್ಲ. 6.30ರ ಸಂದೇಶಗಳನ್ನು ಠಾಣೆಯ ರೇಡಿಯೊದಲ್ಲಿ ಕೇಳಲಾಯಿತು. ಒಟ್ಟು ಇಪ್ಪತ್ತಮೂರು ಇದ್ದವು. ಅದರಲ್ಲಿ ಹದಿನಾಲ್ಕು ಹಳೆಯವು.